ಪ್ರಿನ್ಸ್‌ಟನ್ನಿನ ಹೆಬ್ಬಾಗಿಲಿನಲ್ಲಿ

2024ರ ಬೇಸಿಗೆಯನ್ನು ಅಮೆರಿಕದ ನ್ಯೂಜೆರ್ಸಿ ರಾಜ್ಯದ ಎಡಿಸನ್ ಪಟ್ಟಣದಲ್ಲಿ, ಮಗನ ಮನೆಯಲ್ಲಿ ಕಳೆಯುವ ಯೋಗ ನಮಗೆ ಒದಗಿತು. ಮೊಮ್ಮಗಳು ಆಗತಾನೆ ಹನ್ನೊಂದನೆಯ ತರಗತಿ ಮುಗಿಸಿದ್ದಳು. ಹನ್ನೆರಡನೆಯದು ಆರಂಭವಾಗುವುದು ಸೆಪ್ಟೆಂಬರಿನಲ್ಲಿ. ಆದರೂ ಬೆಳಗಿನ ಲಿಂಗಪೂಜೆ ಮುಗಿಸಿ ಉಪಾಹಾರಕ್ಕೆ ಕುಳಿತರೆ ಆ ಮನೆಯಲ್ಲಿ ಕಾಲೇಜಿನ ಮಾತು ಬಿಟ್ಟು ಬೇರೆ ಮಾತಿಲ್ಲ. ಪರೀಕ್ಷೆಯೇ ಆಗಿಲ್ಲ, ಈಗಲೇ ಅರ್ಜಿಯೇ ಎಂದು ನಮಗೆ ವಿಚಿತ್ರವೆನಿಸಿತು. ನಮ್ಮ ನಾಡಿನಲ್ಲಿ ಪಿ.ಯು. ಫಲಿತಾಂಶ, ಸಿ.ಇ.ಟಿ. ರ‍್ಯಾಂಕ್ ಬಂದ ಮೇಲಲ್ಲವೇ ಓಡಾಟ!

ಜುಲೈ ತಿಂಗಳಿನ ಒಂದು ಮುಂಜಾನೆ ಮೊಮ್ಮಗಳೊಡನೆ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯವನ್ನು ನೋಡಲು ರೈಲು ಹತ್ತಿದೆವು. ಪ್ರಿನ್ಸ್‌ಟನ್ ಜಂಕ್ಷನ್ನಿನಲ್ಲಿ ಇಳಿದು, 'ಡಿಂಕಿ' ಎಂದು ಜನ ಅಕ್ಕರೆಯಿಂದ ಕರೆಯುವ ಪುಟ್ಟ ರೈಲನ್ನು ಏರಬೇಕು. ಅದರ ಹಾದಿ ನಾಲ್ಕು ಕಿಲೋಮೀಟರಿಗಿಂತ ತುಸು ಹೆಚ್ಚು, ಅಷ್ಟೆ. ಕುಳಿತು ಕಿಟಕಿಯ ಹೊರಗೆ ನೋಡುವಷ್ಟರಲ್ಲಿ ಊರು ಬಂದುಬಿಡುತ್ತದೆ.

1746ರಲ್ಲಿ ಸ್ಥಾಪನೆಯಾದ ವಿದ್ಯಾಸಂಸ್ಥೆಯಿದು. ಇದರ ಹೃದಯದಂತಿರುವ ನಸ್ಸಾವ್ ಹಾಲ್ ಎಂಬ ಕಲ್ಲಿನ ಕಟ್ಟಡ 1756ರಷ್ಟು ಹಳೆಯದು. 1777ರ ಯುದ್ಧದಲ್ಲಿ ಗುಂಡು ತಗುಲಿದ ಗುರುತು ಅದರ ಗೋಡೆಯ ಮೇಲೆ ಇಂದಿಗೂ ಉಂಟು. ಮೆಟ್ಟಿಲುಗಳ ಇಕ್ಕೆಲದಲ್ಲಿ ಕಂಚಿನ ಹುಲಿಗಳು, ಗೋಡೆಯ ತುಂಬ ಹಬ್ಬಿದ ಐವಿ ಬಳ್ಳಿ. ಎದುರಿನ ಫಿಟ್ಸ್‌ರಾಂಡಲ್ಫ್ ಹೆಬ್ಬಾಗಿಲು 1905ರದು. ಬಹುಕಾಲ ಮುಚ್ಚಿಯೇ ಇದ್ದ ಅದು 1970ರಲ್ಲಿ ಶಾಶ್ವತವಾಗಿ ತೆರೆಯಿತಂತೆ. ಪದವಿ ಮುಗಿಯುವ ಮುನ್ನ ಅದರ ನಡುಬಾಗಿಲಿನಿಂದ ಹೊರನಡೆದವರಿಗೆ ಪದವಿ ದಕ್ಕದು ಎಂಬ ನಂಬಿಕೆ ವಿದ್ಯಾರ್ಥಿಗಳಲ್ಲಿದೆ. ನಾವು ಅರಿಯದೆ ಅತ್ತ ಹೆಜ್ಜೆಯಿಟ್ಟಾಗ ಮೊಮ್ಮಗಳು ಕೈ ಹಿಡಿದೆಳೆದಳು. "ಅಜ್ಜಾ, ಆ ಬಾಗಿಲಿಂದ ಹೊರಗ ಹೋಗಬ್ಯಾಡ್ರಿ!" ನಮ್ಮ ಪದವಿ ಮುಗಿದು ಐವತ್ತು ವರ್ಷವಾಯಿತೆಂದರೂ ಬಿಡಲಿಲ್ಲ. ವಿಜ್ಞಾನ ಕಲಿತವರ ನಾಡಿನಲ್ಲೂ ಶಕುನಗಳಿಗೆ ಕೊರತೆಯಿಲ್ಲ!

ಹಿಂದುಹಿಂದಕ್ಕೆ ನಡೆಯುತ್ತಲೇ ವಿವರಿಸುತ್ತಿದ್ದ ವಿದ್ಯಾರ್ಥಿನಿಯೊಬ್ಬಳು ನಮಗೆ ಆವರಣವನ್ನೆಲ್ಲ ತೋರಿಸಿದಳು. ಆಕೆಯ ಮಾತಿನಿಂದ ನಮ್ಮ ಸಂಶಯ ಕರಗತೊಡಗಿತು. ಅಲ್ಲಿ ಒಂದು ದಿನದ ಪರೀಕ್ಷೆಯಿಂದ ಪ್ರವೇಶ ತೀರ್ಮಾನವಾಗುವುದಿಲ್ಲ. ಒಂಬತ್ತನೆಯ ತರಗತಿಯಿಂದ ಓದಿದ್ದೆಲ್ಲ ಲೆಕ್ಕಕ್ಕೆ ಬರುತ್ತದೆ. ಇಬ್ಬರು ಅಧ್ಯಾಪಕರು ಪತ್ರ ಬರೆಯಬೇಕು. ಶಾಲೆಯಲ್ಲಿ ಬರೆದು ಅಂಕ ಪಡೆದ ಒಂದು ಪ್ರಬಂಧವನ್ನೂ ಪ್ರಿನ್ಸ್‌ಟನ್ ಕೇಳುತ್ತದೆ. ಹಳೆಯ ಕಾಗದವನ್ನು ರದ್ದಿಗೆ ಹಾಕಿದವರ ಗತಿಯೇನು! ಅನೇಕ ಕಾಲೇಜುಗಳಿಗೆ ಸಾಮಾನ್ಯವಾದ 'ಕಾಮನ್ ಅಪ್ಲಿಕೇಶನ್' ಆಗಸ್ಟ್ 1ರಂದು ತೆರೆಯುತ್ತದೆ. ಮುಂಚಿತವಾಗಿ ಸಲ್ಲಿಸುವವರಿಗೆ ಹಲವೆಡೆ ನವೆಂಬರ್ 1 ಕೊನೆಯ ದಿನ. ಶಾಲೆ ತೆರೆದ ಮೇಲೆ ಎದ್ದವರಿಗೆ ಉಳಿಯುವುದು ಎರಡೇ ತಿಂಗಳು, ಅದೂ ನಿತ್ಯದ ಪಾಠಗಳ ನಡುವೆ. ನಮ್ಮ ಮೊಮ್ಮಗಳು ಜೂನ್ ತಿಂಗಳಲ್ಲಿ ಶಾಲೆ ಮುಚ್ಚುವ ಮೊದಲೇ ತನ್ನ ಗಣಿತ ಮತ್ತು ಇತಿಹಾಸದ ಅಧ್ಯಾಪಕರನ್ನು ಕಂಡು ಪತ್ರಕ್ಕೆ ವಿನಂತಿಸಿದ್ದಳು.

ಮರಳುವ ರೈಲಿನಲ್ಲಿ ನಮ್ಮ ಕಥೆಯನ್ನು ಅವಳಿಗೆ ಹೇಳಿದೆವು. 1969ರಲ್ಲಿ ಹತ್ತಿ ಮಾರಿದ ಹಣ ತಂದೆಯವರ ಕೈಸೇರಿ, ನಾವು ಧಾರವಾಡ ತಲುಪುವ ವೇಳೆಗೆ ಅರ್ಜಿಯ ದಿನಾಂಕ ದಾಟಿತ್ತು. ಕಿಟಕಿಯಿಂದಲೇ ಹಿಂದಿರುಗಿದೆವು. ಒಂದು ವರ್ಷ ಎತ್ತುಗಳ ಹಿಂದೆ ನಡೆದೆವು. ಮರುವರ್ಷ ಮಠದ ಪ್ರಸಾದ ನಿಲಯದಲ್ಲಿ ಅನ್ನ, ಆಸರೆ ದೊರೆಯದಿದ್ದರೆ ಈ ರೈಲಿನಲ್ಲಿ ಕುಳಿತಿರುತ್ತಿರಲಿಲ್ಲ. "ದಿನಾಂಕ ಯಾರೂ ನಿಮಗ ಹೇಳಲಿಲ್ಲೇನು ಅಜ್ಜಾ?" ಎಂದಳು. ಹೇಳುವವರು ಊರಿನಲ್ಲಿ ಯಾರಿದ್ದರು?

ಅಂದಿನ ರಾತ್ರಿ ರೊಟ್ಟಿ ಊಟದ ವೇಳೆ ಹಣದ ಮಾತು ಬಂದಿತು. ಬೇರೊಂದು ಖಾಸಗಿ ವಿಶ್ವವಿದ್ಯಾಲಯಕ್ಕೆ 'ಅರ್ಲಿ ಡಿಸಿಷನ್' ಪದ್ಧತಿಯಲ್ಲಿ ಅರ್ಜಿ ಹಾಕಿಸುವುದು ಮಗನ ಅಪೇಕ್ಷೆ. ಅದರಲ್ಲಿ ಸೀಟು ದೊರೆತರೆ ಉಳಿದ ಅರ್ಜಿಗಳನ್ನು ಹಿಂಪಡೆದು ಅಲ್ಲಿಗೇ ಸೇರುವ ಮಾತು ಕೊಡಬೇಕು. ಬೇರೆ ಕಾಲೇಜಿನ ನೆರವಿನೊಡನೆ ಹೋಲಿಸಿ ನೋಡುವ ಅವಕಾಶವಿರದು. ಒಂದು ಕುಟುಂಬಕ್ಕೆ ಸುಮಾರು ಎಷ್ಟು ತಗಲೀತೆಂದು ತೋರಿಸುವ ಲೆಕ್ಕಪಟ್ಟಿಯನ್ನು ಕಾಲೇಜುಗಳು ಜಾಲತಾಣದಲ್ಲಿಡಬೇಕೆಂಬ ನಿಯಮ ಅಮೆರಿಕದಲ್ಲಿ 2011ರಿಂದಲೂ ಇದೆ. ಸೊಸೆ ಅದನ್ನು ತೆರೆದು ಮನೆಯ ಆದಾಯವನ್ನು ತುಂಬಿದಳು. ಬಂದ ಮೊತ್ತವನ್ನು ಕಂಡು ಮಗ ತಟ್ಟೆಯಿಂದ ತಲೆ ಎತ್ತಲಿಲ್ಲ. ಎರಡೇ ವರ್ಷಕ್ಕೆ ಕಿರಿಯ ಮೊಮ್ಮಗನ ಸರದಿಯೂ ಬರುವುದಿತ್ತು.

"ಹಂಗಾದ್ರ ಅದು ಬ್ಯಾಡ ಪಪ್ಪಾ. ನವೆಂಬರ್ ಇನ್ನೂ ದೂರ ಐತಿ" ಎಂದಳು ಮಗು. ಮಾತು ಕೊಡಬೇಕಿಲ್ಲದ ಮುಂಗಡ ಅರ್ಜಿಯನ್ನು ಪ್ರಿನ್ಸ್‌ಟನ್ನಿಗೂ, ಮನೆಯ ಸಮೀಪದ ನ್ಯೂ ಬ್ರನ್ಸ್‌ವಿಕ್ಕಿನಲ್ಲಿರುವ ರಾಜ್ಯ ವಿಶ್ವವಿದ್ಯಾಲಯ ರಟ್ಗರ್ಸಿಗೂ ಹಾಕುವುದೆಂದು ನಿರ್ಧಾರವಾಯಿತು. ಈ ಸಂಭಾಷಣೆ ಅಕ್ಟೋಬರಿನ ಕೊನೆಯಲ್ಲಿ ನಡೆದಿದ್ದರೆ ಏನಾಗುತ್ತಿತ್ತೋ ತಿಳಿಯದು.

ಇನ್ನುಳಿದದ್ದು 650 ಪದಗಳೊಳಗಿನ ಆತ್ಮನಿವೇದನೆ. ಮೊದಲ ಕರಡು ಬಹುಮಾನಗಳ ಪಟ್ಟಿಯಂತಿತ್ತು. "ಇದರಾಗ ನೀ ಎಲ್ಲಿದ್ದಿ ತಂಗಿ?" ಎಂದು ನಮ್ಮ ಮನೆಯವರು ಕೇಳಿದರು. ಮೂರು ದಿನ ಮುನಿಸಿಕೊಂಡ ಹುಡುಗಿ, ಬಸವ ಜಯಂತಿಯ ನಾಟಕದಲ್ಲಿ ಅಕ್ಕಮಹಾದೇವಿಯ ಪಾತ್ರ ವಹಿಸಿ ಮಾತು ಮರೆತಾಗ, ತಾನೇ ಅಕ್ಷರ ಕಲಿಸಿದ್ದ ಪುಟ್ಟ ಬಾಲಕನೊಬ್ಬ ಕೆಳಗಿನಿಂದ ಸಾಲನ್ನು ಎತ್ತಿಕೊಟ್ಟ ಪ್ರಸಂಗವನ್ನು ಬರೆದಳು.

ಆಗಸ್ಟ್ ತಿಂಗಳಲ್ಲಿ ನಾವು ಧಾರವಾಡಕ್ಕೆ ಹೊರಡುವ ದಿನ ಐದನೆಯ ಕರಡನ್ನು ಓದಿ ತೋರಿಸಿದಳು. ಇನ್ನೂ 40 ಪದ ಹೆಚ್ಚಿದ್ದವು. ಯಾವುದನ್ನು ತೆಗೆಯಲೆಂದು ಕೇಳಿದಳು. ಅಜ್ಜನನ್ನು ಕುರಿತ ಸಾಲನ್ನು ತೆಗೆಯಲು ಹೇಳಿ, ಪೆಟ್ಟಿಗೆಗೆ ಬೀಗ ಹಾಕಿದೆವು.