ಜಾಗ ಇದ್ದಲ್ಲಿ

ಯಾತ್ರೆಗೆ ಹೊರಡುವವನು ಇಂದು ಮೊದಲು ಮಾಡುವ ಕೆಲಸವೆಂದರೆ ಟಿಕೀಟು ಕಾದಿರಿಸುವುದು. ಹೋಗುವ ದಿನ, ತಲುಪುವ ವೇಳೆ, ತಂಗುವ ಕೋಣೆ, ಹಿಂದಿರುಗುವ ಗಾಡಿ ಇವೆಲ್ಲ ನಿಶ್ಚಯವಾದ ಮೇಲೆಯೇ ನಮ್ಮ ಭಕ್ತಿ ಮನೆಯ ಹೊಸ್ತಿಲನ್ನು ದಾಟುತ್ತದೆ. ಇದರಲ್ಲಿ ತಪ್ಪೇನೂ ಇಲ್ಲ. ವೃದ್ಧರಿಗೂ ಮಕ್ಕಳೊಂದಿಗರಿಗೂ ಅದು ಅವಶ್ಯಕವೇ ಸರಿ. ಆದರೆ ಯಾವುದನ್ನೂ ಕಾದಿರಿಸದೆ ಹೊರಟ ಒಂದು ಯಾತ್ರೆ ನನ್ನ ಬಾಳಿನಲ್ಲಿ ಒದಗಿಬಂದಿತು. ಅದನ್ನು ವಾಚಕರೊಡನೆ ಹಂಚಿಕೊಳ್ಳಬೇಕೆಂಬ ಆಸೆಯಿಂದ ಈ ನಾಲ್ಕು ಮಾತುಗಳನ್ನು ಬರೆಯುತ್ತಿದ್ದೇನೆ.

ನಾನು ಹುಟ್ಟಿದ್ದು ವಿಜಯಪುರ ಜಿಲ್ಲೆಯ ಒಂದು ಒಕ್ಕಲು ಮನೆತನದಲ್ಲಿ. ನಮ್ಮ ತಂದೆಯವರು ಪ್ರತಿವರ್ಷ ಯುಗಾದಿಯ ಮುಂಚೆ ಮಲ್ಲಯ್ಯನ ಕಂಬಿಯೊಡನೆ ಶ್ರೀಶೈಲಕ್ಕೆ ಪಾದಯಾತ್ರೆ ಹೊರಡುತ್ತಿದ್ದರು. ಒಂದು ಕಂಬಳಿ, ಒಂದು ಊರುಗೋಲು, ಜೋಳಿಗೆಯಲ್ಲಿ ಒಣರೊಟ್ಟಿ, ವಿಭೂತಿಯ ಗಟ್ಟಿ ಇವಿಷ್ಟೇ ಅವರ ಸಾಮಗ್ರಿ. ನಾನು ಹನ್ನೆರಡು ವರ್ಷದವನಿದ್ದಾಗ ಹಟಮಾಡಿ ಎರಡು ದಿನದ ದಾರಿ ಅವರ ಹಿಂದೆ ನಡೆದೆ. ಮೊದಲ ದಿನ ಹೊತ್ತು ಇಳಿಯುತ್ತಿದ್ದಂತೆ ನನಗೆ ಅಂಜಿಕೆಯಾಯಿತು. “ಅಪ್ಪಾ, ರಾತ್ರಿ ಎಲ್ಲಿ ಮಲಗೋದು?” ಎಂದು ಕೇಳಿದೆ. ಅವರು ನಡಿಗೆ ನಿಲ್ಲಿಸದೆಯೇ, “ಜಾಗ ಇದ್ದಲ್ಲಿ ತಮ್ಮಾ. ಜಾಗ ಇಲ್ಲಂದ್ರ ಇನ್ನಷ್ಟು ನಡಿಯೋದು” ಎಂದರು. ಆ ರಾತ್ರಿ ದಾರಿಯ ಹಳ್ಳಿಯ ಯಾರೋ ಪುಣ್ಯಾತ್ಮರು ತಮ್ಮ ಪಡಸಾಲೆಯಲ್ಲಿ ಜಾಗ ಕೊಟ್ಟು, ಬಿಸಿನೀರು ಕಾಯಿಸಿ ನಮ್ಮ ಕಾಲು ತೊಳೆದರು.

ಮುಂದೆ ನಾನು ವೈದ್ಯಶಿಕ್ಷಣ ಮುಗಿಸಿ ಅಮೆರಿಕೆಗೆ ಹೋದೆ. ಅಲ್ಲಿಯ ಸೇನೆಯ ವೈದ್ಯದಳವನ್ನು ಸೇರಿ, ಇಪ್ಪತ್ತನಾಲ್ಕು ವರ್ಷ ದುಡಿದು, ಕರ್ನಲ್ ಪದವಿಯಲ್ಲಿ 2010ರಲ್ಲಿ ನಿವೃತ್ತನಾದೆ. ಇಷ್ಟು ವರ್ಷಗಳಲ್ಲಿ ತಂದೆಯವರೊಡನೆ ಶ್ರೀಶೈಲದವರೆಗೆ ಪೂರ್ತಿ ನಡೆಯುವೆನೆಂಬ ಮಾತನ್ನು ಪ್ರತಿ ಪತ್ರದಲ್ಲಿಯೂ ಬರೆಯುತ್ತಿದ್ದೆ. ಆ ಮಾತು ಪತ್ರಗಳಲ್ಲಿಯೇ ಉಳಿಯಿತು.

2004ರ ನವೆಂಬರದಲ್ಲಿ ನಾನು ಜರ್ಮನಿಯ ಲ್ಯಾಂಡ್‌ಸ್ಟೂಲ್ ಸೈನಿಕ ಆಸ್ಪತ್ರೆಯಲ್ಲಿದ್ದೆ. ಇರಾಕಿನ ಫಲ್ಲೂಜಾ ನಗರದ ಕದನ ಆಗ ನಡೆದಿತ್ತು. ಸಮೀಪದ ರಾಮ್‌ಸ್ಟೈನ್ ವಿಮಾನನೆಲೆಗೆ ಸಿ-17 ಎಂಬ ಭಾರಿ ವಿಮಾನಗಳು ಗಾಯಾಳುಗಳನ್ನು ಹೊತ್ತು ಬಂದಿಳಿಯುತ್ತಿದ್ದವು. ಅಂಥ ಒಂದು ರಾತ್ರಿ ತಂದೆಯವರು ಲಿಂಗೈಕ್ಯರಾದ ಸುದ್ದಿ ಬಂದಿತು. ರಜೆ ದೊರೆತು, ವಿಮಾನ, ರೈಲು, ಬಸ್ಸುಗಳನ್ನು ಹಿಡಿದು ನಾನು ಊರು ಮುಟ್ಟಿದ್ದು ಮೂರನೆಯ ದಿನ. ಅಷ್ಟರಲ್ಲಿ ಸಮಾಧಿಯ ಮೇಲಿನ ಹಸಿಮಣ್ಣು ಕೂಡ ಒಣಗಿಹೋಗಿತ್ತು. ತಾಯಿಯವರು ಏನೊಂದೂ ಆಡದೆ, ಅರ್ಧ ಸವೆದ ವಿಭೂತಿಯ ಗಟ್ಟಿಯನ್ನು ನನ್ನ ಕೈಯಲ್ಲಿಟ್ಟರು.

ಆಸ್ಪತ್ರೆಗೆ ಮರಳಿದ ಮೇಲೆ ಅಲ್ಲಿಯ ಕ್ಯಾಥೊಲಿಕ್ ಪಾದ್ರಿಯೊಬ್ಬರು ನನ್ನನ್ನು ಕಂಡು ಸಂತೈಸಿದರು. ನನ್ನ ತಂದೆ ನಡೆಯುತ್ತಿದ್ದರೆಂದು ತಿಳಿದಾಗ, ಸ್ಪೇನ್ ದೇಶದ ಸಾಂತಿಯಾಗೊ ದೆ ಕೊಂಪೊಸ್ತೆಲಾ ಎಂಬ ಕ್ಷೇತ್ರಕ್ಕೆ ಜನರು ಸಾವಿರಕ್ಕೂ ಹೆಚ್ಚು ವರ್ಷಗಳಿಂದ ಕಾಲ್ನಡಿಗೆಯಲ್ಲಿ ಹೋಗುತ್ತಿರುವುದನ್ನು ಹೇಳಿದರು. ಏಸುವಿನ ಶಿಷ್ಯನಾದ ಸಂತ ಯಾಕೋಬನ ಸಮಾಧಿ ಅಲ್ಲಿದೆಯೆಂಬುದು ಆ ಜನರ ನಂಬಿಕೆ. ತೀರಿಹೋದವರ ಪರವಾಗಿಯೂ ಆ ದಾರಿಯನ್ನು ನಡೆಯುವ ರೂಢಿಯುಂಟೆಂದು ಅವರು ತಿಳಿಸಿದರು. ಆ ಮಾತು ಹದಿನೈದು ವರ್ಷ ನನ್ನೊಳಗೆ ಉಳಿದಿತ್ತು.

2019ರ ಸೆಪ್ಟೆಂಬರದಲ್ಲಿ ನಾನು ಹೊರಟೆ. ಇಲ್ಲಿ ಒಂದು ವ್ಯವಸ್ಥೆಯನ್ನು ವಿವರಿಸಬೇಕಾಗುತ್ತದೆ. ಅಮೆರಿಕದ ಸೈನಿಕ ವಿಮಾನಗಳು ತಮ್ಮ ಕಾರ್ಯದ ಮೇಲೆ ಹಾರುವಾಗ ಆಸನಗಳು ಉಳಿದಿದ್ದರೆ, ಸೈನಿಕರು, ಅವರ ಕುಟುಂಬದವರು ಮತ್ತು ನಿವೃತ್ತರು ಅವುಗಳಲ್ಲಿ ಬಾಡಿಗೆಯಿಲ್ಲದೆ ಪಯಣಿಸಬಹುದು. ಇದಕ್ಕೆ ಆರು ವರ್ಗಗಳುಂಟು. ಮನೆಯಲ್ಲಿ ಸಾವು ಅಥವಾ ಕಡುಕಷ್ಟ ಒದಗಿ ತುರ್ತು ರಜೆಯ ಮೇಲೆ ಹೋಗುವವರು ಮೊದಲನೆಯ ವರ್ಗ; ನಿವೃತ್ತರು ಆರನೆಯ, ಎಂದರೆ ಕಟ್ಟಕಡೆಯ ವರ್ಗ. ಒಂದು ವರ್ಗದೊಳಗೆ ಹೆಸರು ಬರೆಸಿದ ದಿನ ಮತ್ತು ವೇಳೆಯೇ ಪ್ರಮಾಣ, ಪದವಿಯಲ್ಲ. ಬರೆಸಿದ ಹೆಸರು 60 ದಿನ ನಿಲ್ಲುತ್ತದೆ. ಹೆಸರು ಕೂಗುವಾಗ ಗಂಟುಮೂಟೆ ಸಹಿತ ಅಲ್ಲಿಯೇ ನಿಂತಿರಬೇಕು. ವಿಮಾನ ಯಾವಾಗ ಹೊರಡುವುದು, ಎಷ್ಟು ಆಸನ ಉಳಿಯುವುದು, ಹೊರಟದ್ದು ಹೋಗಬೇಕಾದ ಕಡೆಗೇ ಹೋಗುವುದೋ ಇಲ್ಲವೋ, ಯಾವುದಕ್ಕೂ ಭರವಸೆಯಿಲ್ಲ. ಆದುದರಿಂದ ಬೇರೆ ಟಿಕೀಟಿಗೆ ಸಾಕಾಗುವಷ್ಟು ಹಣ ಕಿಸೆಯಲ್ಲಿರಬೇಕೆಂಬುದು ಬಲ್ಲವರ ಬುದ್ಧಿವಾದ.

ಕರ್ನಲ್ ಆಗಿದ್ದವನಿಗೆ ಟಿಕೀಟಿಗೆ ಹಣವಿರಲಿಲ್ಲವೇ ಎಂದು ವಾಚಕರು ಕೇಳಬಹುದು. ಇತ್ತು. ಪುಕ್ಕಟೆ ಹೋಗಬಹುದಾದಾಗ ಹಣವೇಕೆ ತೆರಬೇಕೆಂಬ ಒಕ್ಕಲಿಗನ ಲೆಕ್ಕಾಚಾರವೇ ನನ್ನನ್ನು ಅತ್ತ ಒಯ್ದಿತು. ಇದಕ್ಕಿಂತ ಉದಾತ್ತವಾದ ಕಾರಣ ಹೇಳಿದರೆ ಸುಳ್ಳಾದೀತು.

ಡೆಲವೇರ್ ರಾಜ್ಯದ ಡೋವರ್ ವಿಮಾನನೆಲೆಯಲ್ಲಿ ನಾನು ಕಾಯುತ್ತ ಕುಳಿತೆ. ಪರದೇಶದ ಯುದ್ಧಗಳಲ್ಲಿ ಮಡಿದ ಅಮೆರಿಕದ ಯೋಧರ ಶವಪೆಟ್ಟಿಗೆಗಳು ತಾಯ್ನಾಡಿನಲ್ಲಿ ಮೊದಲು ಇಳಿಯುವುದು ಆ ನೆಲೆಯಲ್ಲಿಯೇ. ಮೂರು ದಿನ ಹಲಗೆ ನೋಡುತ್ತ ಕುಳಿತೆನಾದರೂ ಸ್ಪೇನಿನ ಕಡೆಗೆ ಒಂದು ವಿಮಾನವೂ ಇರಲಿಲ್ಲ. ನಾಲ್ಕನೆಯ ದಿನ ರೋಟಾ ನೆಲೆಗೆ ವಿಮಾನವಿರುವುದೆಂದೂ ಹತ್ತು ಆಸನಗಳಿವೆಯೆಂದೂ ಪ್ರಕಟವಾಯಿತು. ಕಾದಿದ್ದವರನ್ನು ಎಣಿಸಿದೆ, ನನ್ನನ್ನು ಸೇರಿಸಿ ಸರಿಯಾಗಿ ಹತ್ತು ಜನ. ಹೆಸರು ಕೂಗಲು ಐದು ನಿಮಿಷವಿರುವಾಗ ಇಪ್ಪತ್ತರ ಹರೆಯದ ಸೈನಿಕನೊಬ್ಬ ಓಡುತ್ತ ಬಂದು ಕಾಗದವೊಂದನ್ನು ಮುಂದಿಟ್ಟ. ಮೊದಲು ಕೂಗಿದ್ದು ಅವನ ಹೆಸರು. ಹತ್ತನೆಯ ಹೆಸರಿಗೆ ಪಟ್ಟಿ ಮುಗಿಯಿತು. ಹನ್ನೊಂದನೆಯವನು ನಾನು.

ಆ ಗಳಿಗೆಯಲ್ಲಿ ನನಗೆ ಬಂದದ್ದು ಸಿಟ್ಟು, ಅದನ್ನು ಮುಚ್ಚಿಡಲಾರೆ. ಇಪ್ಪತ್ತನಾಲ್ಕು ವರ್ಷ ದುಡಿದವನನ್ನು ನಿನ್ನೆ ಮೊನ್ನೆ ಸೇರಿದ ಹುಡುಗನ ಹಿಂದೆ ನಿಲ್ಲಿಸುವುದೇ ಎಂದು ಮನಸ್ಸು ಕುದಿಯಿತು. ಟಿಕೀಟು ಕೊಳ್ಳಲೆಂದು ಫೋನನ್ನು ಕೈಗೆತ್ತಿಕೊಂಡು ಹೊರಗೆ ಹೊರಟೆ. ನೀರಿನ ನಲ್ಲಿಯ ಬಳಿ ಅದೇ ಹುಡುಗ ನಿಂತಿದ್ದ. ಮುಖ ತೊಳೆದುಕೊಳ್ಳುತ್ತಿದ್ದನೋ, ಕಣ್ಣೀರನ್ನು ಮರೆಮಾಡುತ್ತಿದ್ದನೋ ಹೇಳಲಾರೆ. ಎಲ್ಲಿಗೆಂದು ಕೇಳಿದೆ. ಅವನ ತಾಯಿ ಸ್ಪೇನ್ ದೇಶದವಳು, ರೋಟಾದ ಹತ್ತಿರದ ಊರಲ್ಲಿ ಮರಣಶಯ್ಯೆಯಲ್ಲಿದ್ದಾಳೆ, ಬೆಳಿಗ್ಗೆಯವರೆಗೂ ಉಸಿರಾಡುತ್ತಿದ್ದಳಂತೆ. “ತಲುಪುವವರೆಗೆ ಇರುವಳೇ, ಸರ್?” ಎಂದು ಅವನು ನನ್ನನ್ನೇ ಕೇಳಿದ. ನಾನು ವೈದ್ಯನೆಂಬುದು ಅವನಿಗೆ ತಿಳಿದಿರಲಿಲ್ಲ. ನಾನು ಹೇಳಲೂ ಇಲ್ಲ. “ಬೇಗ ಹೋಗಪ್ಪಾ” ಎಂಬಷ್ಟೇ ಅರ್ಥದ ಮಾತೊಂದು ನನ್ನ ಬಾಯಿಂದ ಬಂದಿತು.

ವಿಮಾನ ಹಾರಿತು. ನಾನು ಒಳಗೆ ಬಂದು ಅದೇ ಬೆಂಚಿನ ಮೇಲೆ ಕುಳಿತೆ. ಹದಿನೈದು ವರ್ಷದ ಹಿಂದೆ ನಾನೂ ಹೀಗೆಯೇ ಓಡಿದ್ದೆನಷ್ಟೆ! ನನಗೆ ದಾರಿ ಬಿಟ್ಟವರು ಎಷ್ಟು ಜನರೋ, ಅವರಲ್ಲಿ ಒಬ್ಬರ ಮುಖವನ್ನೂ ನಾನು ನೋಡಿರಲಿಲ್ಲ. ಆಸನವನ್ನು ಬಿಟ್ಟುಕೊಟ್ಟ ಪುಣ್ಯವೂ ನನ್ನದಲ್ಲ. ನಿಯಮವೇ ಅದನ್ನು ಕಿತ್ತುಕೊಂಡಿತ್ತು. ತಂದೆಯವರು ತಾವಾಗಿಯೇ ಬದುಕಿದ ರೀತಿಯನ್ನು ನನಗೆ ನಿಯಮದಿಂದ ಕಲಿಸಬೇಕಾಯಿತಲ್ಲ ಎಂದು ನಾಚಿಕೆಯಾಯಿತು. ಫೋನನ್ನು ಕಿಸೆಯಲ್ಲಿಟ್ಟುಕೊಂಡು ಇನ್ನೆರಡು ದಿನ ಕಾದೆ. ಜಾಗ ಇಲ್ಲದಿದ್ದರೆ ಇನ್ನಷ್ಟು ನಡೆಯಬೇಕು. ಅಲ್ಲಿ ಕಾಯುವುದೇ ನನ್ನ ನಡಿಗೆಯಾಗಿತ್ತು.

ಆರನೆಯ ದಿನ ಜಾಗ ಸಿಕ್ಕಿತು, ಅದೂ ಸಿ-17 ವಿಮಾನದಲ್ಲಿಯೇ. ಅದರಲ್ಲಿ ಆಸನಗಳು ಗೋಡೆಗೆ ಒತ್ತಿ ಸಾಲಾಗಿರುತ್ತವೆ, ನಡುವೆ ಸರಕು. ಸದ್ದು ವಿಪರೀತವಾದುದರಿಂದ ಕಿವಿಗೆ ಬೆಣೆ ಕೊಡುತ್ತಾರೆ. ಆಕಾಶಕ್ಕೇರಿದ ಮೇಲೆ ಕೆಲವರು ಹಾಸಿಗೆ ಬಿಚ್ಚಿ ನೆಲದ ಮೇಲೆ ಮಲಗಿದರು. ನನಗೆ ಆ ನೆಲದ ಮೇಲೆ ಮೈಚಾಚಲಾಗಲಿಲ್ಲ. 2004ರಲ್ಲಿ ಇಂಥವೇ ವಿಮಾನಗಳ ನಡುಭಾಗದಲ್ಲಿ ಅಂತಸ್ತು ಅಂತಸ್ತಾಗಿ ಗಾಯಾಳುಗಳ ಡೋಲಿಗಳಿರುತ್ತಿದ್ದವು. ಅವರಲ್ಲಿ ನಡೆಯಬಲ್ಲ ಕಾಲುಗಳನ್ನು ಕಳೆದುಕೊಂಡವರು ಎಷ್ಟೋ ಮಂದಿ. ಯುದ್ಧದ ವಿಮಾನವನ್ನೇರಿ ಶಾಂತಿಯ ದಾರಿಗೆ ಹೋಗುವುದು ಸರಿಯೇ ಎಂಬ ಪ್ರಶ್ನೆ ಏಳೆಂಟು ಗಂಟೆಯೂ ನನ್ನೊಡನೆ ಕುಳಿತಿತ್ತು. ಅದಕ್ಕೆ ಇಂದಿಗೂ ನನ್ನಲ್ಲಿ ಪೂರ್ಣವಾದ ಉತ್ತರವಿಲ್ಲ. ನನಗೆ ನಡೆಯುವ ಕಾಲುಗಳಿವೆ, ಆದುದರಿಂದ ನಡೆಯಬೇಕು ಎಂಬಷ್ಟು ಮಾತ್ರ ಹೊಳೆಯಿತು.

ರೋಟಾ ಇರುವುದು ಸ್ಪೇನಿನ ದಕ್ಷಿಣ ಕರಾವಳಿಯಲ್ಲಿ. ಸಮೀಪದ ಸೆವಿಲ್ಯಾ ನಗರದಿಂದ ಸಾಂತಿಯಾಗೊವರೆಗೆ ಸಾವಿರ ಕಿಲೋಮೀಟರಿನಷ್ಟು ಉದ್ದದ ಹಳೆಯ ದಾರಿಯುಂಟು. ಅಷ್ಟನ್ನೂ ನಡೆಯುವ ಶಕ್ತಿ ನನ್ನ ಮೊಳಕಾಲುಗಳಲ್ಲಿರಲಿಲ್ಲ. ಕಾಲ್ನಡಿಗೆಯ ಯಾತ್ರಿಕನೆನಿಸಿಕೊಳ್ಳಲು ಕೊನೆಯ 100 ಕಿಲೋಮೀಟರನ್ನಾದರೂ ನಡೆದಿರಬೇಕೆಂಬ ನಿಯಮವಿತ್ತು. ರೈಲಿನಲ್ಲಿ ಮ್ಯಾಡ್ರಿಡ್ ಮಾರ್ಗವಾಗಿ ಓರೆನ್ಸೆ ಎಂಬ ಬಿಸಿನೀರಿನ ಬುಗ್ಗೆಗಳ ಊರಿಗೆ ಹೋಗಿ, ಅಲ್ಲಿಂದ ನಡೆಯತೊಡಗಿದೆ. ಹಾದಿಯುದ್ದಕ್ಕೂ ಕಲ್ಲು, ಗೋಡೆ, ಮರಗಳ ಮೇಲೆ ದಾರಿ ತೋರುವ ಹಳದಿ ಬಾಣದ ಗುರುತುಗಳು. ಇವನ್ನು ಬಳಿಯುವ ಪದ್ಧತಿಯನ್ನು 1980ರ ದಶಕದಲ್ಲಿ ಬಳಕೆಗೆ ತಂದವರು ಒ ಸೆಬ್ರೇರೊ ಎಂಬ ಬೆಟ್ಟದ ಹಳ್ಳಿಯ ಪಾದ್ರಿ ಎಲಿಯಾಸ್ ವಲಿಞಾ. ಓಕ್ ಮರಗಳ ನೆರಳು, ಇಲಿ ಹತ್ತದಂತೆ ಕಲ್ಲುಗಂಬಗಳ ಮೇಲೆ ನಿಲ್ಲಿಸಿದ ಕಣಜಗಳು, ರೊಟ್ಟಿಗೆ ಹೆಸರಾದ ಸೇಯಾ ಎಂಬ ಊರು ಇವೆಲ್ಲ ನನಗೆ ಪರದೇಶವೆನಿಸಲಿಲ್ಲ. ಪ್ರತಿದಿನ ನಸುಕಿನಲ್ಲಿ, ಉಳಿದವರು ಏಳುವ ಮುನ್ನ, ತಂದೆಯವರ ವಿಭೂತಿಯನ್ನು ಧರಿಸಿ ಇಷ್ಟಲಿಂಗಪೂಜೆ ಮುಗಿಸಿ ಹೊರಡುತ್ತಿದ್ದೆ. ಯಾರೂ ಆಕ್ಷೇಪಿಸಲಿಲ್ಲ. ಒಬ್ಬಿಬ್ಬರು ಕಂಡರೂ ಸದ್ದುಮಾಡದೆ ಸರಿದುಹೋದರು.

ಆ ಪ್ರಾಂತದ ಸರಕಾರಿ ಯಾತ್ರಿನಿವಾಸಗಳಲ್ಲಿ ಆಗ ಹಾಸಿಗೆಯನ್ನು ಕಾದಿರಿಸುವಂತಿರಲಿಲ್ಲ. ಬಂದವರಿಗೆ ಬಂದ ಕ್ರಮದಲ್ಲಿ ಜಾಗ. ಅಲ್ಲಿಯೂ ವರ್ಗಗಳಿದ್ದವು: ಅಂಗವಿಕಲರು ಮೊದಲು, ನಡೆದು ಬಂದವರು ಆಮೇಲೆ, ಸೈಕಲ್ಲಿನವರು ಅವರ ಹಿಂದೆ. ಗೋಡೆಯ ಮೇಲಿನ ಆ ನಿಯಮವನ್ನು ಓದಿ ನನಗೆ ನಗೆ ಬಂದಿತು. ನಾಲ್ಕನೆಯ ಸಂಜೆ ಕೊನೆಯ ಹಾಸಿಗೆ ನನಗೆ ದೊರೆತಿತ್ತು. ಕತ್ತಲಾಗುವ ಹೊತ್ತಿಗೆ, ಪಾದಗಳಲ್ಲಿ ಬೊಕ್ಕೆಯೆದ್ದು ಕುಂಟುತ್ತ ಬಂದ ವೃದ್ಧೆಯೊಬ್ಬರು ಬಾಗಿಲಲ್ಲಿ ನಿಂತರು. ನಿವಾಸದ ಮೇಲ್ವಿಚಾರಕಿ ಬಾಯಿ ತೆರೆಯುವ ಮುನ್ನವೇ ನಾನು ನನ್ನ ಹಾಸಿಗೆಯನ್ನು ಸುತ್ತಿದ್ದೆ. ಇಲ್ಲಿ ನನ್ನನ್ನು ಎಬ್ಬಿಸುವ ನಿಯಮವೇನೂ ಇರಲಿಲ್ಲ. ವೃದ್ಧೆಯ ಪಾದಗಳಿಗೆ ಔಷಧ ಹಚ್ಚಿ, ಪಟ್ಟಿ ಕಟ್ಟಿ, ಹತ್ತಿರದ ಇಗರ್ಜಿಯ ಮೊಗಸಾಲೆಗೆ ಹೋಗಿ ಮಲಗಿದೆ. ಕಲ್ಲು ತಣ್ಣಗಿತ್ತು, ನಿದ್ರೆ ಮಾತ್ರ ಹನ್ನೆರಡು ವರ್ಷದ ಹುಡುಗನಿಗೆ ಪಡಸಾಲೆಯಲ್ಲಿ ಬಂದಂತೆ ಬಂದಿತು.

ಆರನೆಯ ದಿನ ಸಾಂತಿಯಾಗೊ ಮುಟ್ಟಿದೆ. ಆ ವರ್ಷ ಮಹಾದೇವಾಲಯದ ಜೀರ್ಣೋದ್ಧಾರ ನಡೆದಿತ್ತು. ಒಳಗೆಲ್ಲ ಅಟ್ಟಣಿಗೆ ಕಟ್ಟಿದ್ದರು; ಯಾತ್ರಿಕರ ಪೂಜೆಯನ್ನು ಬೇರೆ ಇಗರ್ಜಿಯಲ್ಲಿ ನಡೆಸುತ್ತಿದ್ದರು. ದೂರದಿಂದ ಬಂದ ಕೆಲವರು ನಿರಾಶರಾಗಿದ್ದರು. ನನಗೆ ನಿರಾಶೆಯೆನಿಸಲಿಲ್ಲ. ಗುಡಿ ದುರಸ್ತಿಯಲ್ಲಿದ್ದರೂ ದಾರಿ ತೆರೆದೇ ಇತ್ತು. ಆ ಒಂದೇ ವರ್ಷದಲ್ಲಿ 3 ಲಕ್ಷ 47 ಸಾವಿರಕ್ಕೂ ಮಿಕ್ಕಿ ಯಾತ್ರಿಕರು ಅಲ್ಲಿ ಪ್ರಮಾಣಪತ್ರ ಪಡೆದರು.

ಯಾತ್ರಿಕರ ಕಚೇರಿಯಲ್ಲಿ ನಾನು ಮೃತರ ಪರವಾಗಿ ನಡೆದಿದ್ದೇನೆಂದು ಹೇಳಿದೆ. ಆಧ್ಯಾತ್ಮಿಕ ಉದ್ದೇಶದಿಂದಲೇ ನಡೆದಿರೇ ಎಂದು ಕೇಳಿ, ಗುಮಾಸ್ತೆ ಲ್ಯಾಟಿನ್ ಭಾಷೆಯ ಪ್ರಮಾಣಪತ್ರದಲ್ಲಿ ‘ಇವರ ಪರವಾಗಿ’ ಎಂಬರ್ಥದ ಎರಡು ಪದಗಳನ್ನು ಬರೆದಳು. ಆಮೇಲೆ ತಂದೆಯವರ ಹೆಸರನ್ನು ಕೇಳಿದಳು. ಐದು ಅಕ್ಷರದ ಆ ಹೆಸರನ್ನು ನಾನು ಒಂದೊಂದೇ ಅಕ್ಷರವಾಗಿ ಹೇಳುತ್ತ ಹೋದೆ. ಅವರು ತೀರಿದ ಮೇಲೆ ಅವರ ಹೆಸರನ್ನು ಅಷ್ಟು ನಿಧಾನವಾಗಿ ಬಾಯಿತುಂಬ ಉಚ್ಚರಿಸಿದ್ದು ಅದೇ ಮೊದಲು. ಕೊನೆಯ ಅಕ್ಷರ ಹೊರಡುವಷ್ಟರಲ್ಲಿ ನನ್ನ ಗಂಟಲು ಕಟ್ಟಿತ್ತು.

ಹಿಂದಿರುಗುವಾಗ ರೋಟಾದಲ್ಲಿ ಮೂರು ದಿನ ಕಾದೆ; ಜಾಗ ಸಿಗಲಿಲ್ಲ. ಮನೆಯಲ್ಲಿ ಕೆಲಸವಿದ್ದುದರಿಂದ ಟಿಕೀಟು ಕೊಂಡು ಬಂದೆ. ಅದಕ್ಕಾಗಿ ಯಾರ ಮೇಲೆಯೂ ಸಿಟ್ಟು ಬರಲಿಲ್ಲ. ಡೋವರಿನ ಆ ಹುಡುಗ ತಾಯಿಯ ಮುಖವನ್ನು ಕಂಡನೋ ಇಲ್ಲವೋ ನನಗೆ ತಿಳಿಯದು. ಕಂಡನೆಂದೇ ನಂಬಿದ್ದೇನೆ.

ಪದವಿ, ಹಣ, ವಯಸ್ಸು ಇವೆಲ್ಲ ನಮಗೆ ಕಾದಿರಿಸಿದ ಆಸನಗಳಿದ್ದಂತೆ. ಒಮ್ಮೆ ಕುಳಿತರೆ ಪಕ್ಕದಲ್ಲಿ ನಿಂತವನು ಕಾಣಿಸುವುದಿಲ್ಲ. ಕಟ್ಟಕಡೆಯ ವರ್ಗದಲ್ಲಿ ಕೆಲವು ದಿನ ಕುಳಿತು ಬಂದವನಿಗೆ ಅವನು ಕಾಣಿಸುತ್ತಾನೆ. ತಂದೆಯವರು ಇದನ್ನು ಎರಡೇ ಮಾತಿನಲ್ಲಿ ಹೇಳಿದ್ದರು. ತಿಳಿದುಕೊಳ್ಳಲು ನನಗೆ ಅರ್ಧ ಶತಮಾನ ಬೇಕಾಯಿತು. ಬರುವ ಯುಗಾದಿಗೆ ಮಲ್ಲಯ್ಯನ ಕಂಬಿಯೊಡನೆ ನಮ್ಮೂರಿನಿಂದ ಶ್ರೀಶೈಲಕ್ಕೆ ನಡೆಯಬೇಕೆಂದಿದ್ದೇನೆ. ರಾತ್ರಿ ಎಲ್ಲಿ ಮಲಗುವಿರೆಂದು ಮನೆಯವರು ಕೇಳುತ್ತಿದ್ದಾರೆ. ನನ್ನಲ್ಲಿ ಉತ್ತರ ಸಿದ್ಧವಾಗಿದೆ.