ನಲವತ್ತೊಂದನೆಯ ವಾಹಿನಿ

ಅಮೆರಿಕಾ ಎಂದೊಡನೆ ಇಂಗ್ಲಿಷ್ ಭಾಷೆಯ ದೇಶವೆಂಬ ಎಣಿಕೆ ನಮ್ಮಲ್ಲಿ ಬಲವಾಗಿದೆ. ಟೆಕ್ಸಾಸ್ ರಾಜ್ಯದ ಸ್ಯಾನ್ ಆಂಟೋನಿಯೋ ನಗರಕ್ಕೆ ಈ ಮಾತು ಅಷ್ಟಾಗಿ ಸಲ್ಲದು. ಸ್ಪೇನಿನವರು 1718ರಲ್ಲಿ ನೆಲೆಗೊಳಿಸಿದ ಊರದು. 1836ರವರೆಗೂ ಆ ಸೀಮೆ ಮೆಕ್ಸಿಕೋಗೆ ಸೇರಿತ್ತು. ಅಂದಮೇಲೆ ಅಲ್ಲಿ ಇಂಗ್ಲಿಷ್ ತಡವಾಗಿ ಬಂದ ಅತಿಥಿ, ಸ್ಪ್ಯಾನಿಷ್ ಮನೆಯೊಡತಿ. (ಅದಕ್ಕೂ ಹಿಂದೆ ಮೂಲನಿವಾಸಿಗಳ ನುಡಿಗಳಿದ್ದುವು. ಅವುಗಳ ಪಾಡು ಇನ್ನೂ ದಾರುಣವಾದುದು.)

ಆದರೆ ಅತಿಥಿಯೇ ಯಜಮಾನನಾದ. ಶಾಲೆಗಳಲ್ಲಿ ಇಂಗ್ಲಿಷಿನಲ್ಲಿ ಮಾತ್ರ ಪಾಠ ನಡೆಯಬೇಕೆಂದು ಟೆಕ್ಸಾಸ್ 1918ರಲ್ಲಿ ಕಾನೂನು ಮಾಡಿತು. 1969ರವರೆಗೂ ಅದು ಜಾರಿಯಲ್ಲಿತ್ತು. ಆಟದ ಬಯಲಿನಲ್ಲಿ ಒಂದು ಸ್ಪ್ಯಾನಿಷ್ ಮಾತು ಬಾಯಿತಪ್ಪಿ ಬಂದರೂ ಮಕ್ಕಳಿಗೆ ಪೆಟ್ಟು ಬೀಳುತ್ತಿತ್ತು. ತಾಯಿ ಕಲಿಸಿದ ನುಡಿಗಾಗಿ ಕೈಚಾಚಿ ಏಟು ತಿನ್ನುವ ಮಗುವಿನ ಮನಸ್ಸಿನಲ್ಲಿ ಏನು ಉಳಿದೀತೆಂಬುದನ್ನು ಮೇಷ್ಟರಾದವರು ಯೋಚಿಸಬೇಕು. ಕನ್ನಡ ಆಡಿದರೆ ದಂಡ ಕಟ್ಟಿಸಿಕೊಳ್ಳುವ ಶಾಲೆಗಳು ನಮ್ಮ ಕಡೆಯೂ ಇವೆಯಲ್ಲ!

ಇಂತಹ ಊರಿನಲ್ಲಿ ಸ್ಪ್ಯಾನಿಷ್ ಭಾಷೆಗೆ ಒಂದು ದೂರದರ್ಶನ ಕೇಂದ್ರವನ್ನೇ ಕಟ್ಟಿದವರು ರೌಲ್ ಕೋರ್ಟೆಸ್. ಮೆಕ್ಸಿಕೋದ ವೆರಾಕ್ರೂಸ್‌ನಲ್ಲಿ 1905ರಲ್ಲಿ ಹುಟ್ಟಿದ ಇವರು ಸ್ಯಾನ್ ಆಂಟೋನಿಯೋದ 'ಲಾ ಪ್ರೆನ್ಸಾ' ಎಂಬ ಸ್ಪ್ಯಾನಿಷ್ ಪತ್ರಿಕೆಯಲ್ಲಿ ವರದಿಗಾರರಾಗಿದ್ದರು. ಬಳಿಕ ಬೇರೆಯವರ ರೇಡಿಯೋ ಕೇಂದ್ರದಲ್ಲಿ ಹಣ ತೆತ್ತು ಸಮಯ ಪಡೆದು ಸ್ಪ್ಯಾನಿಷ್ ಕಾರ್ಯಕ್ರಮ ನಡೆಸಿದರು. ಸ್ವಂತ ಕೇಂದ್ರಕ್ಕೆ ಪರವಾನಗಿ ಬೇಡಿದ್ದು ಯುದ್ಧಕಾಲದಲ್ಲಿ, 1944ರಲ್ಲಿ. ಮೆಕ್ಸಿಕನ್ ಮೂಲದ ಜನರನ್ನು ಯುದ್ಧಪ್ರಯತ್ನಕ್ಕೆ ಒಗ್ಗೂಡಿಸುತ್ತೇನೆಂಬುದು ಅವರು ಕೊಟ್ಟ ಕಾರಣ. ಜಾಣ ಮನುಷ್ಯ! ಸರಕಾರಕ್ಕೆ ಬೇಕಾದ ಮಾತನ್ನಾಡಿ ತನ್ನವರಿಗೆ ಬೇಕಾದುದನ್ನು ತಂದುಕೊಟ್ಟರು. 1946ರಲ್ಲಿ ಕೆ.ಸಿ.ಓ.ಆರ್. ಬಾನುಲಿ ಆರಂಭವಾಯಿತು. ಮಿಸಿಸಿಪ್ಪಿ ನದಿಯ ಪಶ್ಚಿಮದ ಕೇಂದ್ರಗಳ ಹೆಸರು ಸಾಮಾನ್ಯವಾಗಿ 'ಕೆ' ಅಕ್ಷರದಿಂದ ಮೊದಲಾಗುತ್ತದೆ. ಉಳಿದ ಮೂರಕ್ಷರ ಅವರ ಮನೆತನದ ಹೆಸರಿನದು. ಮೆಕ್ಸಿಕನ್ ಮೂಲದ ಮಕ್ಕಳನ್ನು ಬೇರೆ ಶಾಲೆಗಳಲ್ಲಿ ಕೂರಿಸುವುದರ ವಿರುದ್ಧ ಟೆಕ್ಸಾಸಿನಲ್ಲಿ ನ್ಯಾಯಾಲಯದ ತೀರ್ಪು ಬಂದ 1948ರಲ್ಲಿಯೇ, ಆ ಹೋರಾಟದ ಬೆನ್ನಿಗಿದ್ದ 'ಲುಲಾಕ್' ಸಂಘಕ್ಕೆ ಕೋರ್ಟೆಸ್ ಅಧ್ಯಕ್ಷರಾದರು. ವ್ಯಾಪಾರವೂ ಹೋರಾಟವೂ ಅವರಲ್ಲಿ ಒಂದಾಗಿಯೇ ಸಾಗಿದುವು.

1955ರ ಜೂನ್ 10ರಂದು ಕೆ.ಸಿ.ಓ.ಆರ್. ದೂರದರ್ಶನ 41ನೆಯ ವಾಹಿನಿಯಲ್ಲಿ ಪ್ರಸಾರ ಆರಂಭಿಸಿತು. ಅಮೆರಿಕಾದ ಮುಖ್ಯ ಭೂಭಾಗದಲ್ಲಿ ಸ್ಪ್ಯಾನಿಷ್ ಭಾಷೆಗೇ ಮೀಸಲಾದ ಮೊದಲ ಟೀವಿ ಕೇಂದ್ರವದು. ಆರಂಭದಲ್ಲಿ ಪ್ರಸಾರವಿದ್ದುದು ಸಂಜೆಯಿಂದ ಈಚೆಗೆ. ಹಗಲೆಲ್ಲ ಶಾಲೆಯಲ್ಲಿ ನಾಲಗೆ ಬಿಗಿಹಿಡಿದು ಕುಳಿತ ಮಗು ಮನೆಗೆ ಬಂದು, ಪೆಟ್ಟಿಗೆಯೊಳಗಿನ ದೊಡ್ಡವರು ಅದೇ ನುಡಿಯಲ್ಲಿ ಧೈರ್ಯವಾಗಿ ಹಾಡಿ ನಗುವುದನ್ನು ನೋಡಿದಾಗ ಏನೆನ್ನಿಸಿರಬಹುದು? ನನ್ನ ಮಟ್ಟಿಗೆ ಈ ಇತಿಹಾಸದ ತಿರುಳು ಇಷ್ಟೇ.

ಕಷ್ಟಗಳು ಕಡಿಮೆಯಿರಲಿಲ್ಲ. ಅಂದಿನ ಹೆಚ್ಚಿನ ಟೀವಿಗಳು 2ರಿಂದ 13ರವರೆಗಿನ ವಾಹಿನಿಗಳನ್ನು ಮಾತ್ರ ಹಿಡಿಯುತ್ತಿದ್ದುವು. 41 ಅದಕ್ಕೂ ಮೇಲಿನ ತರಂಗಶ್ರೇಣಿಯದು. ಅದನ್ನು ನೋಡಬೇಕೆಂದರೆ ಪರಿವರ್ತಕವೆಂಬ ಬೇರೊಂದು ಪೆಟ್ಟಿಗೆಯನ್ನು ಕೊಳ್ಳಬೇಕು. ಕೂಲಿನಾಲಿ ಮಾಡುವ ಕುಟುಂಬಗಳು ತಮ್ಮ ಭಾಷೆಗಾಗಿ ತೆತ್ತ ತೆರಿಗೆಯೆನ್ನಿ. ಎಲ್ಲ ಟೀವಿಗಳಲ್ಲಿಯೂ ಮೇಲಿನ ವಾಹಿನಿಗಳು ಬರಬೇಕೆಂಬ ಕಾನೂನು ಆದದ್ದು 1962ರಲ್ಲಿ. ಜಾರಿಗೆ ಬಂದದ್ದು 1964ರಲ್ಲಿ.

ಇದಕ್ಕಿಂತ ಕ್ರೂರವಾದುದು ಲೆಕ್ಕದ ಸಮಸ್ಯೆ. ಕಾರ್ಯಕ್ರಮವನ್ನು ಎಷ್ಟು ಜನ ನೋಡುತ್ತಾರೆಂದು ಎಣಿಸುವ ಸಂಸ್ಥೆಗಳಿಗೆ ಸ್ಪ್ಯಾನಿಷ್ ಆಡುವ ಮನೆಗಳು ಕಾಣುತ್ತಿರಲಿಲ್ಲ. ಎಣಿಕೆಯಿಲ್ಲದ ಮೇಲೆ ಜಾಹೀರಾತಿಲ್ಲ. ಜಾಹೀರಾತಿಲ್ಲದ ಮೇಲೆ ಹಣವಿಲ್ಲ. ನೋಡುವ ಜನರಿದ್ದರೂ ಕೋರ್ಟೆಸ್ ನಷ್ಟವನ್ನೇ ಉಂಡರು. ಹಾಜರಿ ಪುಸ್ತಕದಲ್ಲಿ ಹೆಸರಿಲ್ಲದ ಹುಡುಗನಂತಾಯಿತು ಅವರ ಪ್ರೇಕ್ಷಕರ ಸ್ಥಿತಿ.

ಕೊನೆಗೆ 1961ರಲ್ಲಿ ಕೇಂದ್ರವನ್ನು ಮಾರಬೇಕಾಯಿತು. ಕೊಂಡವರ ಕೂಟದಲ್ಲಿ ಮೆಕ್ಸಿಕೋದ ಟೀವಿ ದೊರೆ ಎಮಿಲಿಯೋ ಅಸ್ಕಾರಗಾ ವಿದೌರೆತಾ ಇದ್ದರು; ಕೋರ್ಟೆಸರ ಅಳಿಯ ಎಮಿಲಿಯೋ ನಿಕೋಲಾಸ್ ಕೂಡ ಇದ್ದರು. ಈ ಅಳಿಯ ಮೊದಲು ಪೋಲಿಯೋ ಲಸಿಕೆಯ ಸಂಶೋಧನೆಯಲ್ಲಿ ದುಡಿದವರು. ಪ್ರಯೋಗಶಾಲೆಯನ್ನು ಬಿಟ್ಟು ಮಾವನ ಟೀವಿಗೆ ಬಂದವರು. ಕೇಂದ್ರದ ಹೆಸರು ಕೆ.ಡಬ್ಲ್ಯು.ಇ.ಎಕ್ಸ್. ಎಂದಾಯಿತು. ಕೋರ್ಟೆಸರ ಮೂರಕ್ಷರ ಅಳಿಸಿಹೋಯಿತು. 1962ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಸೋದರ ಕೇಂದ್ರ ತೆರೆಯಿತು. ಇವುಗಳ ಸುತ್ತ ಬೆಳೆದ ಜಾಲ 1976ರಲ್ಲಿ ಉಪಗ್ರಹದ ಮೂಲಕ ಕಾರ್ಯಕ್ರಮ ಹಂಚತೊಡಗಿ, ಅನೇಕ ಇಂಗ್ಲಿಷ್ ಜಾಲಗಳಿಗೂ ಮುಂಚೂಣಿಯಾಯಿತು. ಕೋರ್ಟೆಸ್ ಅದನ್ನು ನೋಡಲಿಲ್ಲ, 1971ರಲ್ಲಿ ತೀರಿಕೊಂಡಿದ್ದರು.

ಮುಂದೆ ನಡೆದುದು ಹಣದ ವ್ಯವಹಾರ. ವಿದೇಶೀಯರಿಗೆ ಶೇಕಡಾ 20ಕ್ಕಿಂತ ಹೆಚ್ಚು ಒಡೆತನ ಕೂಡದೆಂದು 1934ರ ಕಾಯಿದೆಯಿತ್ತು. ನಿಜವಾದ ಹಿಡಿತ ಮೆಕ್ಸಿಕೋದವರದೇ ಎಂದು ತೀರ್ಮಾನಿಸಿ 1986ರಲ್ಲಿ ಪರವಾನಗಿಗಳ ನವೀಕರಣವನ್ನು ನಿರಾಕರಿಸಲಾಯಿತು. ಕೇಂದ್ರಗಳು 30 ಕೋಟಿ ಡಾಲರಿಗೂ ಮಿಕ್ಕ ಬೆಲೆಗೆ, ಶುಭಾಶಯ ಪತ್ರ ಮುದ್ರಿಸುವ ಹಾಲ್‌ಮಾರ್ಕ್ ಕಂಪನಿ ಮತ್ತು ಅದರ ಪಾಲುದಾರರಿಗೆ ಹೋದುವು. ಎಣಿಕೆಗೇ ಸಿಗದಿದ್ದ ಪ್ರೇಕ್ಷಕರಿಗೆ ಎಂತಹ ಬೆಲೆ ಬಂತು ನೋಡಿ! 1987ರಲ್ಲಿ ಜಾಲಕ್ಕೆ 'ಯೂನಿವಿಷನ್' ಎಂದು ಹೆಸರಾಯಿತು. 2022ರಲ್ಲಿ ಮೆಕ್ಸಿಕೋದ 'ಟೆಲೆವಿಸಾ'ದ ಮಾಧ್ಯಮ ವಿಭಾಗ ಅದರೊಡನೆ ಕೂಡಿಕೊಂಡಿತು. ಯಾರನ್ನು ದೂರವಿಡಲು ಅಷ್ಟು ದೊಡ್ಡ ತೀರ್ಪು ಬಂದಿತ್ತೋ ಅವರ ಉತ್ತರಾಧಿಕಾರಿಗಳೇ ಮುಂಬಾಗಿಲಿನಿಂದ ಒಳಬಂದರು.

ಸ್ಯಾನ್ ಆಂಟೋನಿಯೋದ ಹಳೆಯ ಕೇಂದ್ರದ ಕಟ್ಟಡವನ್ನು ಉಳಿಸಬೇಕೆಂದು ಊರಿನವರು ಪ್ರತಿಭಟಿಸಿದರೂ 2013ರಲ್ಲಿ ಅದನ್ನು ಕೆಡವಲಾಯಿತು. ವಾಸದ ಮನೆಗಳ ಸಮುಚ್ಚಯಕ್ಕೆ ಆ ಜಾಗ ಬೇಕಿತ್ತಂತೆ. ನಿಕೋಲಾಸ್ 2019ರಲ್ಲಿ ತೀರಿಕೊಂಡರು. ಕೇಂದ್ರ ಮಾತ್ರ ನಿಂತಿಲ್ಲ. ಟೀವಿ ಪರದೆಯ ಮೇಲೆ ಈಗಲೂ 41 ಎಂಬ ಸಂಖ್ಯೆಯಲ್ಲಿಯೇ ಕಾಣಿಸುತ್ತದೆ. ಟೆಕ್ಸಾಸಿನಲ್ಲಿ ನೆಲಸಿರುವ ನನ್ನ ವಿದ್ಯಾರ್ಥಿಗಳು ಯಾರಾದರೂ ಆ ಊರಿಗೆ ಹೋದರೆ, ಒಂದು ಸಂಜೆ ಅದನ್ನು ಹಾಕಿ ನೋಡಿ ನನಗೆ ಬರೆಯಿರಿ.