ಒಂದು ಸುತ್ತಿನ ಹೊತ್ತು

ಹೋದ ಮಾರ್ಚಿನಲ್ಲಿ ನಾನೊಂದು ನಿಯಮ ಬರೆದೆ: ‘ಪ್ರತಿ ಸುತ್ತಿಗೂ 48 ತಾಸು. ತಡವಾದರೆ ಆಟದಿಂದ ಹೊರಗೆ.’ ವಿಜಯಪುರದ ಹಾಸ್ಟೆಲ್ ಕೋಣೆಯಲ್ಲಿ ಚಹಾ ಆರುವುದರೊಳಗೆ ಬರೆದು ಮುಗಿಸಿದ್ದೆ.

ನನ್ನ ಸಂಶೋಧನೆ ಹರದೇಶಿ-ನಾಗೇಶಿ ಮೇಳಗಳ ಮೇಲೆ. ಕಂಡಿರದವರಿಗಾಗಿ ಹೇಳುವುದಾದರೆ, ನಮ್ಮ ಕಡೆಯ ಜಾತ್ರೆಗಳಲ್ಲಿ ಎರಡು ಗೀಗೀ ಮೇಳಗಳು ರಾತ್ರಿಯಿಡೀ ಎದುರುಬದುರಾಗಿ ಹಾಡುತ್ತವೆ. ಹರದೇಶಿಯವರು ಗಂಡು ಹೆಚ್ಚು, ಶಿವ ಹೆಚ್ಚು ಅನ್ನಬೇಕು. ನಾಗೇಶಿಯವರು ಹೆಣ್ಣು ಹೆಚ್ಚು, ಶಕ್ತಿ ಹೆಚ್ಚು ಅನ್ನಬೇಕು. ಕಲ್ಗಿ-ತುರಾಯಿ ಎಂಬ ಹೆಸರೂ ಇದಕ್ಕಿದೆ. ಹಾಡುವವರ ಸ್ವಂತ ಅಭಿಪ್ರಾಯವನ್ನು ಯಾರೂ ಕೇಳುವುದಿಲ್ಲ. ಹಿಡಿದ ಪಕ್ಷ ಬಿಡುವಂತಿಲ್ಲ, ಸವಾಲು ಬಂದರೆ ಜವಾಬು ಕೊಡದೆ ಏಳುವಂತಿಲ್ಲ.

ಇದನ್ನೇ ವಾಟ್ಸಾಪಿನಲ್ಲಿ ಬರೆದು ಆಡಿದರೆ ಹೇಗೆ ಎಂದು ಗೆಳತಿಯೊಬ್ಬಳು ಕೇಳಿದಳು. ಹದಿನಾರು ಜನ ಸೇರಿದರು. ಎಂಟು ಜೋಡಿ. ಒಬ್ಬರು ಹರದೇಶಿ, ಒಬ್ಬರು ನಾಗೇಶಿ. ತಮಗೆ ಬೇಕಾದ ಪಾತ್ರ ಹೊತ್ತು ಮುನ್ನೂರು ಪದಗಳ ಒಳಗೆ ಮಾತಾಡಬೇಕು. ಸೋತವರು ಹೊರಗೆ, ಗೆದ್ದವರು ಮುಂದಿನ ಸುತ್ತಿಗೆ. ಇಂಗ್ಲಿಷಿನಲ್ಲಿ ಇಂಥ ಆಟ ಆಡುವವರ ನಿಯಮಗಳನ್ನು ನೋಡಿ ತಾಸುಗಳ ಲೆಕ್ಕ ತೆಗೆದುಕೊಂಡಿದ್ದೆ. ಜಾನಪದ ಓದುವವಳಾಗಿ ಅಲ್ಲಿಗೇಕೆ ಹೋದೆನೋ!

ಬಬಲೇಶ್ವರದ ಹತ್ತಿರದ ಊರಿನ ಬಿ.ಎ. ಹುಡುಗಿಯೊಬ್ಬಳು ನಾಗೇಶಿ ಹಿಡಿದಿದ್ದಳು. ಸಂತೆಗೆ ಹೋದ ಗಂಡನ ದಾರಿ ಕಾಯುವ ಹೆಂಡತಿ ಅವಳ ಪಾತ್ರ. ‘ಸಂತಿಗೆ ಹೋದಾವನ ಮ್ಯಾಲ ಹಾಡ ಕಟ್ಟೀರಿ, ಅವನ ಬುತ್ತಿಗೆ ರೊಟ್ಟಿ ಬಡದಾಕಿ ಹೆಸರ ಯಾಕ ಮರತೀರಿ?’ ಎಂದು ಮೊದಲ ಸುತ್ತು ಮುಗಿಸಿದಳು. ಎದುರಾಳಿಗೆ ಉತ್ತರ ಹೊಳೆಯಲಿಲ್ಲ. ಅವಳು ಗೆದ್ದಳು.

ಎರಡನೆಯ ಸುತ್ತಿನಲ್ಲಿ ಅವಳ ಬರಹ ಎರಡು ತಾಸು ತಡವಾಗಿ ಬಂತು. ನಿಯಮ ನಿಯಮವೇ ಎಂದೆ. ಒಂದು ತಿಂಗಳ ಮೇಲೆ ಅವಳೇ ಫೋನ್ ಮಾಡಿದಳು.

“ಅಕ್ಕಾರ, ನಾ ಹಾಳಿ ಮ್ಯಾಲ ಬರದ ಇಟ್ಟಿದ್ದೆರಿ. ಫೋನ್ ನಂದಲ್ರಿ, ಅಣ್ಣಂದು. ಅಂವ ಮುಂಜಾನೆ ತಿಕೋಟಾಕ್ಕ ಒಣದ್ರಾಕ್ಷಿ ಶೆಡ್ಡಿಗೆ ಹೋದ್ರ ರಾತ್ರಿ ಹತ್ತಕ್ಕ ಬರ್ತಾನ. ಅವತ್ತ ಹನ್ನೆರಡಾತು.”

ಮಾರ್ಚ್ ಎಂದರೆ ತಿಕೋಟಾ ಸೀಮೆಯಲ್ಲಿ ದ್ರಾಕ್ಷಿ ಕೊಯ್ದು ಒಣಹಾಕುವ ಹಂಗಾಮು. ಆ ಶೆಡ್ಡುಗಳ ಪಕ್ಕದ ರಸ್ತೆಯಲ್ಲೇ ಬಸ್ಸಿನಲ್ಲಿ ಕೂತು ನಾನು ಕ್ಷೇತ್ರಕಾರ್ಯಕ್ಕೆ ಹೋಗುತ್ತಿದ್ದೆ. ನನ್ನ 48 ತಾಸು ಅವಳ ಪಾಲಿಗೆ ರಾತ್ರಿ ಅಣ್ಣ ಊಟಕ್ಕೆ ಕೂತಷ್ಟು ಹೊತ್ತು, ಅದೂ ಎರಡೇ ಸಲ.

ಆಮೇಲೆ ನನ್ನ ಟಿಪ್ಪಣಿ ಪುಸ್ತಕ ತೆಗೆದು ಕೂತೆ. ಮೇಳಗಳಲ್ಲಿ ಹೊತ್ತನ್ನು ಯಾರು ಅಳೆಯುತ್ತಾರೆ ಎಂದು ಹುಡುಕಿದರೆ ಒಂದು ಸಾಲೂ ಇಲ್ಲ. ಮೂರು ವರ್ಷದ ಕ್ಷೇತ್ರಕಾರ್ಯ! ಹಿಮ್ಮೇಳದ ‘ಗೀಯ ಗೀಯ’ ಬಂದಲ್ಲೆಲ್ಲ ‘ಪುನರಾವರ್ತನೆ’ ಎಂದು ಗೀಚಿ ಮುಂದೆ ಹೋಗಿದ್ದೆ. ತಿಕೋಟಾ ಕಡೆಯ ಹಿರಿಯ ಹಾಡುಗಾರರೊಬ್ಬರನ್ನು ಕೇಳಿದೆ. “ಅಜ್ಜಾರ, ಸವಾಲು ಕೇಳಿ ಕೂಡ್ಲೇ ಜವಾಬು ಹೊಳೀದಿದ್ರ?”

ಅವರು ನಕ್ಕರು. “ಯವ್ವಾ, ಹಿಂದಿನವ್ರು ಮತ್ಯಾಕ ಅದಾರ? ಅವ್ರು ಗೀಯ ಗೀಯ ಅಂತಿರ್ತಾರ, ತುಂತುಣಿ ನುಡಿತಿರ್ತದ, ಅಷ್ಟರಾಗ ನಾ ಮುಂದಿನ ನುಡಿ ಕಟ್ಕೋತೀನಿ. ಹೊಳೀದಿದ್ರ ಇನ್ನೊಂದು ಸಲ ಅಂತಾರ.”

ಅವಧಾನದಲ್ಲೂ ಹೀಗೊಂದು ಏರ್ಪಾಡಿದೆ. ಪದ್ಯವೊಂದನ್ನು ನಾಲ್ಕು ಸುತ್ತಿಗೆ ಹಂಚಿ, ಸುತ್ತಿಗೊಂದು ಪಾದ ಹೇಳುತ್ತಾರೆ. ಆದರೆ ಅಲ್ಲಿ ಅವಧಾನಿ ಒಬ್ಬರೇ ಎಲ್ಲ ಹೊರಬೇಕು. ಮೇಳದಲ್ಲಿ ತಡವನ್ನು ಜೊತೆಗಾರರು ಹೊರುತ್ತಾರೆ. ನಮ್ಮ ಆಟದಲ್ಲಿ ಹದಿನಾರು ಮುಮ್ಮೇಳವಿತ್ತು, ಹಿಮ್ಮೇಳ ಒಂದೂ ಇರಲಿಲ್ಲ.

ಮಳೆಗಾಲದಲ್ಲಿ ಎರಡನೆಯ ಸಲ ಆಡುವಾಗ ನಿಯಮ ಬದಲಿಸಿದೆವು. ಸುತ್ತು ಒಂದು ವಾರದ್ದು, ಒಂದು ರವಿವಾರದಿಂದ ಮುಂದಿನ ರವಿವಾರ ರಾತ್ರಿಯವರೆಗೆ. ಹಾಳೆಯ ಮೇಲೆ ಬರೆದು ಫೋಟೋ ಕಳಿಸಬಹುದು, ಓದಿ ಧ್ವನಿಯಲ್ಲೂ ಕಳಿಸಬಹುದು. ಪ್ರತಿಯೊಬ್ಬರಿಗೂ ಹಿಮ್ಮೇಳವಾಗಿ ಒಬ್ಬರು. ಮುಖ್ಯ ಬರಹ ತಡವಾದರೆ ಅವರು ನಾಲ್ಕು ಸಾಲು ಬರೆದು ಮೂರು ದಿನ ಕಾಯಿಸಬಹುದು, ಕಾರಣ ಹೇಳಬೇಕಿಲ್ಲ. ಎದುರಾಳಿ ಸುಮ್ಮನಿದ್ದಾರೆಂದು ಯಾರೂ ಗೆಲ್ಲುವಂತಿಲ್ಲ. ಸೋತವರು ಹಿಮ್ಮೇಳಕ್ಕೆ ಹೋಗುತ್ತಾರೆ, ಹೊರಗೆ ಹೋಗುವುದಿಲ್ಲ.

ಎಲ್ಲ ಸರಿಹೋಯಿತೆಂದು ಹೇಳಲಾರೆ. ಆಟ ಎಳೆಯಿತು. ನಾಲ್ಕು ಜನ ಬೇಸತ್ತು ಬಿಟ್ಟರು. ಒಬ್ಬ ಪುಣ್ಯಾತ್ಮ ಪ್ರತಿ ಸುತ್ತಿನಲ್ಲೂ ಮೂರು ದಿನ ಕಾಯಿಸಿದ, ಬರೆದದ್ದು ಮಾತ್ರ ಆರು ಸಾಲು. ಮೇಳದಲ್ಲಾದರೆ ಎದುರಿಗೆ ಜನ ಕೂತಿರುತ್ತಾರೆ. ಸುಮ್ಮನೆ ಎಳೆದರೆ ಸಿಳ್ಳೆ ಹಾಕುತ್ತಾರೆ. ನಮ್ಮಲ್ಲಿ ಸಿಳ್ಳೆ ಹಾಕಲು ಯಾರಿದ್ದಾರೆ? ಈ ತೊಡಕು ಇನ್ನೂ ಬಿಡಿಸಲಾಗಿಲ್ಲ. ವಾರದ ಬದಲು ಐದು ದಿನ ಇಡೋಣವೆಂದು ಗೆಳತಿ ವಾದಿಸುತ್ತಿದ್ದಾಳೆ. ಐದು ದಿನದಲ್ಲಿ ರವಿವಾರ ಬರದೇ ಹೋಗಬಹುದು ಎಂದು ನಾನು.

ಬಬಲೇಶ್ವರದ ಹುಡುಗಿ ಎರಡನೆಯ ಆಟಕ್ಕೆ ಬರಲಿಲ್ಲ. ಮೂರನೆಯದಕ್ಕೆ ನಿಯಮಗಳನ್ನು ಅದೇ ನಂಬರಿಗೆ ಕಳಿಸಿದ್ದೇನೆ. ಎರಡು ನೀಲಿ ಗೀಟು ಬಿದ್ದಿವೆ. ನೋಡಿದ್ದು ಅವಳೋ ಅಣ್ಣನೋ ತಿಳಿಯದು. ಜೋಡಿಗಳ ಪಟ್ಟಿಯಲ್ಲಿ ನಾಗೇಶಿ ಕಡೆ ಒಂದು ಜಾಗ ಖಾಲಿ ಬಿಟ್ಟಿದ್ದೇನೆ. ಪಟ್ಟಿ ಮುಚ್ಚುವುದು ರವಿವಾರ ರಾತ್ರಿ, ಹತ್ತು ಗಂಟೆಯ ಮೇಲೆ.